ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಅಮೆರಿಕದ ಸ್ಕೂಲ್ ಬೋರ್ಡ್ ಚುನಾವಣೆಗೆ ನಿಲ್ಲುವವರಿಗೆ

ಅಮೆರಿಕದಲ್ಲಿ ನೆಲೆಸಿರುವ ಓದುಗರು ಈ ಸಲ ಕಳಿಸಿದ ಪ್ರಶ್ನೆಗಳಲ್ಲಿ ಬಹುಪಾಲು ಸ್ಕೂಲ್ ಬೋರ್ಡ್ ಚುನಾವಣೆಯ ಸುತ್ತಲಿನವು. ಒಂದು ಪ್ರದೇಶದ (ಸ್ಕೂಲ್ ಡಿಸ್ಟ್ರಿಕ್ಟ್) ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ, ಜನರೇ ಆರಿಸುವ ಮಂಡಳಿ ಇದು. ನಿಯಮಗಳು ರಾಜ್ಯಕ್ಕೊಂದು ಥರ. ಇಲಿನಾಯ್‌ನಿಂದ ಬಂದ ಪತ್ರಗಳೇ ಹೆಚ್ಚಾದ್ದರಿಂದ ವಿವರಗಳನ್ನು ಅಲ್ಲಿಯದೇ ಕೊಟ್ಟಿದ್ದೇವೆ, ಬೇರೆ ರಾಜ್ಯಗಳದ್ದು ಅಲ್ಲಲ್ಲಿ ಬರುತ್ತದೆ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ, ಪತ್ನಿಗೆ ಗ್ರೀನ್ ಕಾರ್ಡ್ ಇದೆ. ಸ್ವಂತ ಮನೆ, ಪ್ರಾಪರ್ಟಿ ಟ್ಯಾಕ್ಸ್ ಕಟ್ಟುತ್ತಿದ್ದೇವೆ, ಅದರಲ್ಲಿ ದೊಡ್ಡ ಪಾಲು ಶಾಲೆಗೇ ಹೋಗುತ್ತದೆ. ನಮ್ಮಿಬ್ಬರಲ್ಲಿ ಒಬ್ಬರು ನಿಲ್ಲಬಹುದೇ?

ಇಲಿನಾಯ್‌ನಲ್ಲಿ ಇಬ್ಬರೂ ನಿಲ್ಲುವಂತಿಲ್ಲ. ತೆರಿಗೆ ಕಟ್ಟುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಭ್ಯರ್ಥಿ ಅಮೆರಿಕದ ಪ್ರಜೆಯಾಗಿರಬೇಕು, 18 ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಆ ಸ್ಕೂಲ್ ಡಿಸ್ಟ್ರಿಕ್ಟ್‌ನ ಗಡಿಯೊಳಗೆ ಒಂದು ವರ್ಷದಿಂದ ವಾಸವಿರಬೇಕು. ಅಲ್ಲೇ ಹುಟ್ಟಿರಬೇಕೆಂದೇನಿಲ್ಲ. ಪ್ರಮಾಣ ವಚನ ಸ್ವೀಕರಿಸಿ ಪೌರತ್ವ ಪಡೆದವರಿಗೂ ಅಷ್ಟೇ ಹಕ್ಕಿದೆ. ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಇದ್ದರೂ ಅಡ್ಡಿಯಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ "ಮತದಾರರಾಗಿ ನೋಂದಾಯಿಸಿಕೊಳ್ಳುತ್ತೀರಾ?" ಎಂದು ಕೇಳುತ್ತಾರೆ. ಪೌರತ್ವ ಇಲ್ಲದವರು ಅವಸರದಲ್ಲಿ ಅಲ್ಲಿ ಟಿಕ್ ಹಾಕಿದರೆ ಮುಂದೆ ಪೌರತ್ವದ ಅರ್ಜಿಗೇ ಕುತ್ತು ಬರಬಹುದು, ಗಡೀಪಾರಿನವರೆಗೂ ಹೋಗಬಹುದು. ಸ್ಯಾನ್ ಫ್ರಾನ್ಸಿಸ್ಕೊ ನಗರವಾದರೋ 2016ರ ಜನಮತದ ನಂತರ, ಪ್ರಜೆಗಳಲ್ಲದ ಪೋಷಕರಿಗೂ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಮತ ಹಾಕಲು ಅವಕಾಶ ಕೊಟ್ಟಿದೆ. ಆದರೆ ಅಲ್ಲೂ ವಲಸೆ ವಕೀಲರನ್ನು ಕೇಳದೆ ಫಾರಂ ತುಂಬಬೇಡಿ.

ನೀವು ಷಿಕಾಗೊ ನಗರದೊಳಗಿದ್ದರೆ ಇನ್ನೊಂದು ದಾರಿಯಿದೆ. 1988ರ ಕಾನೂನಿನಿಂದ ಅಲ್ಲಿನ ಶಾಲೆಗಳಿಗೆ ಲೋಕಲ್ ಸ್ಕೂಲ್ ಕೌನ್ಸಿಲ್‌ಗಳು ಬಂದಿವೆ. ಪ್ರಿನ್ಸಿಪಾಲರನ್ನು ಆರಿಸುವುದು, ಶಾಲೆಯ ಬಜೆಟ್ ಒಪ್ಪುವುದು ಅವರ ಕೆಲಸ. ಪೋಷಕರ ಸ್ಥಾನಕ್ಕೆ ನಿಲ್ಲಲು ಪೌರತ್ವ ಬೇಕಿಲ್ಲ. ಹೆಸರಿಗೆ ಸಣ್ಣ ಹುದ್ದೆ, ಅಧಿಕಾರ ಮಾತ್ರ ಸಣ್ಣದಲ್ಲ.

ಪ್ರಶ್ನೆ: ಷಿಕಾಗೊ ಹೊರವಲಯದ ಡಿಸ್ಟ್ರಿಕ್ಟ್ ಒಂದಕ್ಕೆ ನಿಲ್ಲಬೇಕೆಂದಿದ್ದೇನೆ. ನಾಮಪತ್ರ ಹೇಗೆ ಸಲ್ಲಿಸಬೇಕು? ಠೇವಣಿ ಎಷ್ಟು?

ಠೇವಣಿ ಇಲ್ಲ, ಪಕ್ಷವೂ ಇಲ್ಲ, ಚಿಹ್ನೆಯೂ ಇಲ್ಲ. ಬೇಕಿರುವುದು ಸಹಿಗಳು. ಕನಿಷ್ಠ 50 ಮತದಾರರದ್ದು, ಅಥವಾ ಡಿಸ್ಟ್ರಿಕ್ಟ್‌ನ ಮತದಾರರಲ್ಲಿ ಶೇಕಡ 10ರಷ್ಟು, ಎರಡರಲ್ಲಿ ಯಾವುದು ಕಡಿಮೆಯೋ ಅದು. ಬಹುತೇಕ ಕಡೆ 50 ಎಂದೇ ಲೆಕ್ಕ. ಕೇಳಲು ಸುಲಭ ಎನಿಸುತ್ತದೆ, ಆದರೆ ಸೋಲು ಶುರುವಾಗುವುದೇ ಇಲ್ಲಿಂದ. ಪ್ರಚಾರಕ್ಕೆ ಮೊದಲೇ ಕಾಗದದ ತಪ್ಪಿಗೆ ಹೆಸರು ಬಿದ್ದುಹೋದವರುಂಟು.

ಮೊದಲು ಗಡಿ ನೋಡಿಕೊಳ್ಳಿ. ವಿಳಾಸದಲ್ಲಿರುವ ಊರಿನ ಹೆಸರನ್ನು ನಂಬಬೇಡಿ. ಒಂದೇ ಊರೊಳಗೆ ಎರಡು ಮೂರು ಡಿಸ್ಟ್ರಿಕ್ಟ್ ಹಾದುಹೋಗುತ್ತವೆ, ರಸ್ತೆಯ ಈ ಬದಿ ಒಂದು, ಆ ಬದಿ ಇನ್ನೊಂದು. ಇಲಿನಾಯ್‌ನಲ್ಲಿ ಎಂಟನೇ ತರಗತಿವರೆಗಿನದಕ್ಕೂ ಹೈಸ್ಕೂಲಿಗೂ ಬೇರೆ ಬೇರೆ ಬೋರ್ಡ್ ಇರುವುದೂ ಸಾಮಾನ್ಯ. ನಿಮ್ಮ ವೋಟರ್ ಕಾರ್ಡಿನಲ್ಲೋ ಕೌಂಟಿ ಕ್ಲರ್ಕ್ (ಜಿಲ್ಲೆಯಂಥ ಕೌಂಟಿಯ ಚುನಾವಣಾ ದಾಖಲೆ ನೋಡಿಕೊಳ್ಳುವ ಅಧಿಕಾರಿ) ಜಾಲತಾಣದಲ್ಲೋ ಡಿಸ್ಟ್ರಿಕ್ಟ್‌ನ ನಂಬರ್ ಸಿಗುತ್ತದೆ. ಸಹಿ ಹಾಕುವ ಪ್ರತಿಯೊಬ್ಬರದ್ದೂ ಅದೇ ನಂಬರ್ ಆಗಿರಬೇಕು.

ಆಮೇಲೆ ಪಿಟಿಷನ್ ಹಾಳೆ, ಅಂದರೆ ಮತದಾರರ ಸಹಿ ಪಡೆಯುವ ಹಾಳೆ. ಮೊದಲ ಸಹಿ ಬೀಳುವ ಮುಂಚೆಯೇ ತಲೆಭಾಗ ಪೂರ್ತಿ ತುಂಬಿರಬೇಕು: ನಿಮ್ಮ ಹೆಸರು, ವಿಳಾಸ, ಡಿಸ್ಟ್ರಿಕ್ಟ್, ಹುದ್ದೆ, ಅವಧಿ. ಅವಧಿಯಲ್ಲಿ ಎಡವುವವರು ಬಹಳ. ಪೂರ್ತಿ ಅವಧಿ ಸಾಮಾನ್ಯವಾಗಿ 4 ವರ್ಷ. ಯಾರೋ ನಡುವೆ ರಾಜೀನಾಮೆ ಕೊಟ್ಟಿದ್ದರೆ ಉಳಿದ 2 ವರ್ಷದ ಸ್ಥಾನವೂ ಅದೇ ದಿನ ಚುನಾವಣೆಗೆ ಬರುತ್ತದೆ. ಅವೆರಡೂ ಬೇರೆ ಬೇರೆ ಸ್ಪರ್ಧೆಗಳು.

ಸಹಿ ತೆಗೆದುಕೊಳ್ಳುವವರು ಎದುರಿಗೇ ನಿಂತು ತೆಗೆದುಕೊಳ್ಳಬೇಕು. ದೇವಸ್ಥಾನದ ಮೇಜಿನ ಮೇಲೆ ಹಾಳೆ ಇಟ್ಟು, ಪಕ್ಕದಲ್ಲಿ ಪೆನ್ನು ಕಟ್ಟಿ ಊಟಕ್ಕೆ ಹೋಗುವುದು ನಡೆಯುವುದಿಲ್ಲ. ಯಾಕೆಂದರೆ ಪ್ರತಿ ಹಾಳೆಯ ಕೆಳಗೆ "ಈ ಸಹಿಗಳು ನನ್ನ ಕಣ್ಣೆದುರೇ ಬಿದ್ದವು" ಎಂದು ಸಂಗ್ರಹಿಸಿದವರು ಪ್ರಮಾಣ ಮಾಡಿ, ನೋಟರಿ ಮುಂದೆ ಸಹಿ ಹಾಕಬೇಕು. ನಮ್ಮ ಮನೆಗಳಲ್ಲಿ ಆಗುವ ಇನ್ನೊಂದು ತಪ್ಪು: ಗಂಡ ತನ್ನ ಸಹಿ ಹಾಕಿ, "ಅವಳು ಒಳಗೆ ಕೆಲಸದಲ್ಲಿದ್ದಾಳೆ" ಎಂದು ಹೆಂಡತಿಯದನ್ನೂ ತಾನೇ ಹಾಕಿಬಿಡುವುದು. ಒಂದೇ ಕೈಬರಹದ ಎರಡು ಸಹಿ ಎದುರಾಳಿಯ ಕಣ್ಣಿಗೆ ಮೊದಲು ಬೀಳುತ್ತದೆ. ಅದು ಹೊರಬಿದ್ದರೆ ಉಳಿದವುಗಳ ಮೇಲೂ ಅನುಮಾನ ಶುರು.

50 ಬೇಕಿದ್ದರೆ 100 ತನ್ನಿ. ಮನೆ ಬದಲಿಸಿ ನೋಂದಣಿ ಬದಲಿಸದವರು, ನೋಂದಣಿಯೇ ಇಲ್ಲದವರು, ಪಕ್ಕದ ಡಿಸ್ಟ್ರಿಕ್ಟ್‌ನವರು ಎಂದು ಒಂದಷ್ಟು ಹೋಗಿಯೇ ಹೋಗುತ್ತವೆ.

ಸಹಿ ಹಾಳೆಗಳ ಜೊತೆ ಅಭ್ಯರ್ಥಿಯ ಘೋಷಣಾ ಪತ್ರ ಇರಬೇಕು, ಇದಕ್ಕೂ ನೋಟರಿ ಬೇಕು. ಆರ್ಥಿಕ ಹಿತಾಸಕ್ತಿಗಳ ವಿವರವನ್ನು ಕೌಂಟಿ ಕ್ಲರ್ಕ್‌ಗೆ ಬೇರೆಯಾಗಿ ಸಲ್ಲಿಸಿ, ಅದರ ರಸೀದಿ ಲಗತ್ತಿಸಬೇಕು. ಎಲ್ಲ ಹಾಳೆಗಳಿಗೂ ಒಂದರಿಂದ ಕ್ರಮವಾಗಿ ಪುಟಸಂಖ್ಯೆ ಬರೆದು, ಒಂದು ಅಂಚಿನಲ್ಲಿ ಗಟ್ಟಿಯಾಗಿ ಪಿನ್ ಹೊಡೆಯಿರಿ. ಬಿಡಿ ಹಾಳೆಗಳನ್ನು ಲಕೋಟೆಯಲ್ಲಿಟ್ಟು ಕೊಟ್ಟರೆ ಅದೊಂದೇ ಆಕ್ಷೇಪಣೆಗೆ ಸಾಕು. ನಗಬೇಡಿ, ಪುಟಸಂಖ್ಯೆಯ ಮೇಲೆ ವಾದ ನಡೆಯುವ ರಾಜ್ಯ ಇದು. ಕೊಡುವ ಮುಂಚೆ ಪ್ರತಿ ಪುಟದ ನಕಲು ಇಟ್ಟುಕೊಳ್ಳಿ. ಒಮ್ಮೆ ಸಲ್ಲಿಸಿದ ಮೇಲೆ ಹಾಳೆ ಸೇರಿಸಲು, ತಿದ್ದಲು ಬಿಡುವುದಿಲ್ಲ.

ಚುನಾವಣೆ ಬೆಸ ವರ್ಷದ ಏಪ್ರಿಲ್‌ನಲ್ಲಿ. ಆದರೆ 2025ರ ಏಪ್ರಿಲ್ ಚುನಾವಣೆಗೆ ನಾಮಪತ್ರದ ವಾರ ಮುಗಿದದ್ದು 2024ರ ನವೆಂಬರ್‌ನಲ್ಲೇ. ಹೊಸ ವರ್ಷದಲ್ಲಿ ಯೋಚಿಸೋಣ ಎಂದವರಿಗೆ ಬಾಗಿಲು ಮುಚ್ಚಿರುತ್ತದೆ. ಮೊದಲ ದಿನ ಕಚೇರಿ ತೆರೆಯುವಾಗಲೇ ಸಾಲಿನಲ್ಲಿದ್ದವರ ನಡುವೆ ಮತಪತ್ರದ ಮೊದಲ ಹೆಸರಿಗೆ ಚೀಟಿ ಎತ್ತುತ್ತಾರೆ. ಗಡುವು ಮುಗಿದ ಮೇಲೆ 5 ಕೆಲಸದ ದಿನ ಆಕ್ಷೇಪಣೆಗೆ ಅವಕಾಶ. ಅದು ದಾಟಿದರೆ ನಿರಾಳ.

ಪ್ರಶ್ನೆ: ಬೇರೆ ರಾಜ್ಯಗಳಲ್ಲಿ ತಾರೀಖುಗಳು ಹೇಗೆ?

ನ್ಯೂಜೆರ್ಸಿಯಲ್ಲಿ ನವೆಂಬರ್ ಚುನಾವಣೆಗೆ ಜುಲೈ ಕೊನೆಯ ಸೋಮವಾರ ಸಂಜೆ 4 ಗಂಟೆ ಗಡುವು. ಬೇಸಿಗೆ ರಜೆಗೆ ಊರಿಗೆ ಹೋಗುವ ನಮ್ಮವರಿಗೆ ಇದು ಅಡಚಣೆಯ ಹೊತ್ತು. ನ್ಯೂಯಾರ್ಕ್ ರಾಜ್ಯದ ಹೆಚ್ಚಿನ ಡಿಸ್ಟ್ರಿಕ್ಟ್‌ಗಳಲ್ಲಿ ಮೇ ಮೂರನೇ ಮಂಗಳವಾರ ಬಜೆಟ್ಟಿಗೂ ಸದಸ್ಯರಿಗೂ ಒಟ್ಟಿಗೇ ಮತದಾನ. ಟೆಕ್ಸಾಸ್‌ನಲ್ಲಿ ಒಂದು ಡಾಲರ್ ಪಡೆಯುವ, ಖರ್ಚು ಮಾಡುವ ಮೊದಲೇ ಪ್ರಚಾರ ಖಜಾಂಚಿಯನ್ನು ಲಿಖಿತವಾಗಿ ನೇಮಿಸಿರಬೇಕು. ನಿಮ್ಮನ್ನೇ ನೀವು ನೇಮಿಸಿಕೊಳ್ಳಬಹುದು. ಪೆನ್ಸಿಲ್ವೇನಿಯಾದಲ್ಲಿ ಎರಡೂ ಪಕ್ಷಗಳ ಪ್ರೈಮರಿಗೆ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಒಬ್ಬರೇ ನಿಲ್ಲಲು ಅವಕಾಶವಿದೆ. ಅಲ್ಲಿ ಹಾಗೆ ಮಾಡದವರೇ ಕಡಿಮೆ.

ಪ್ರಶ್ನೆ: ಪ್ರಚಾರಕ್ಕೆ ಎಷ್ಟು ಖರ್ಚಾಗುತ್ತದೆ? ಕರಪತ್ರಗಳನ್ನು ಪ್ರತಿ ಮನೆಯ ಅಂಚೆಪೆಟ್ಟಿಗೆಗೆ ಹಾಕಿದರೆ ಸಾಕೇ?

ಅಂಚೆಪೆಟ್ಟಿಗೆ ಮುಟ್ಟಲೇಬೇಡಿ. ಅಂಚೆ ಶುಲ್ಕ ಕಟ್ಟದ ಕಾಗದವನ್ನು ಅದರೊಳಗೆ ಹಾಕುವುದು ಫೆಡರಲ್ ಕಾನೂನಿಗೆ ವಿರುದ್ಧ. ಬಾಗಿಲ ಹಿಡಿಗೆ ತಗುಲಿಸುವ ಕಾರ್ಡ್ ಮಾಡಿಸಿ. ಬೀದಿಬೀದಿಗೆ ಹಂಚುವ ಅಂಚೆ ಸೇವೆಯೂ ಇದೆ, ದಿನಕ್ಕೆ ಕನಿಷ್ಠ 200 ಪ್ರತಿ. ಆದರೆ ಪೋಸ್ಟ್‌ಮ್ಯಾನ್ ಓಡಾಡುವ ದಾರಿಗೂ ನಿಮ್ಮ ಡಿಸ್ಟ್ರಿಕ್ಟ್ ಗಡಿಗೂ ತಾಳೆಯಾಗುವುದಿಲ್ಲ, ಅರ್ಧ ದುಡ್ಡು ಬೇರೆಯವರ ಮತದಾರರಿಗೆ ಹೋಗುತ್ತದೆ.

ದುಡ್ಡಿಗಿಂತ ಲೆಕ್ಕ ಮುಖ್ಯ. ಕೌಂಟಿ ಜಾಲತಾಣದಲ್ಲಿ ಹಿಂದಿನ ಮೂರು ಚುನಾವಣೆಗಳ ಫಲಿತಾಂಶ ತೆಗೆಯಿರಿ. ಗೆದ್ದವರಲ್ಲಿ ಕೊನೆಯವರಿಗೆ ಎಷ್ಟು ಮತ ಬಿದ್ದಿದೆಯೋ ಅದೇ ನಿಮ್ಮ ಗುರಿ. ಏಪ್ರಿಲ್ ಚುನಾವಣೆಗೆ ಬಂದು ಮತ ಹಾಕುವವರು ಕಡಿಮೆ. ಹಾಗಾಗಿ ಹಿಂದಿನ ಏಪ್ರಿಲ್‌ಗಳಲ್ಲಿ ಯಾರ್ಯಾರು ಮತ ಹಾಕಿದ್ದಾರೆ ಎಂಬ ಪಟ್ಟಿಯನ್ನು ಶುಲ್ಕ ಕಟ್ಟಿ ಪಡೆದು ಅವರ ಮನೆಗಳಿಗೆ ಮಾತ್ರ ಹೋಗಿ. ಯಾರಿಗೆ ಹಾಕಿದರು ಎಂಬುದು ಅದರಲ್ಲಿರುವುದಿಲ್ಲ, ಹಾಕಿದರೋ ಇಲ್ಲವೋ ಎಂಬುದಷ್ಟೇ. ಇಲಿನಾಯ್‌ನಲ್ಲಿ 40 ದಿನ ಮೊದಲೇ ಮತದಾನ ಆರಂಭವಾಗುತ್ತದೆ, ಕೊನೆಯ ವಾರ ಬಾಗಿಲು ತಟ್ಟಿದರೆ ಎಷ್ಟೋ ಮಂದಿ ಆಗಲೇ ಹಾಕಿ ಮುಗಿಸಿರುತ್ತಾರೆ.

ಇನ್ನೊಂದು ಸೂಕ್ಷ್ಮ. ಏಳು ಜನರ ಬೋರ್ಡಿನಲ್ಲಿ ಒಂದು ಸಲಕ್ಕೆ 3 ಅಥವಾ 4 ಸ್ಥಾನ ಖಾಲಿಯಾಗುತ್ತವೆ, ಮತದಾರರು ಅಷ್ಟು ಹೆಸರಿಗೆ ಗುರುತು ಹಾಕಬಹುದು. ಹಾಕಲೇಬೇಕೆಂದಿಲ್ಲ. ನಿಮ್ಮ ಕಟ್ಟಾ ಬೆಂಬಲಿಗರು ನಿಮಗೂ ಹಾಕಿ, ಮರ್ಯಾದೆಗೆಂದು ಇನ್ನಿಬ್ಬರಿಗೂ ಹಾಕಿದರೆ ಅವರೇ ನಿಮ್ಮನ್ನು ದಾಟಿಹೋಗಬಹುದು.

ಮನೆ ಮುಂದೆ ನೆಡುವ ಫಲಕ ಸಾಮಾನ್ಯವಾಗಿ 18 ಇಂಚು ಉದ್ದ 24 ಅಗಲ. ಮನೆಯವರನ್ನು ಕೇಳಿ ಅಂಗಳದಲ್ಲಿ ನೆಡಿ. ಫುಟ್‌ಪಾತ್‌ಗೂ ರಸ್ತೆಗೂ ನಡುವಿನ ಹುಲ್ಲಿನ ಪಟ್ಟಿಯಲ್ಲಿ ನೆಟ್ಟರೆ ನಗರಸಭೆಯವರು ಕಿತ್ತೊಯ್ಯುತ್ತಾರೆ. ದೇಣಿಗೆಯೋ ಖರ್ಚೋ 5,000 ಡಾಲರ್ ದಾಟಿದರೆ ಇಲಿನಾಯ್‌ನಲ್ಲಿ ಪ್ರಚಾರ ಸಮಿತಿ ನೋಂದಾಯಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಆ ಗೆರೆ 2,000 ಡಾಲರ್.

ಪ್ರಶ್ನೆ: ನಮ್ಮ ಕನ್ನಡ ಕೂಟದಿಂದ ಬೆಂಬಲ ಘೋಷಿಸಬಹುದೇ? ಆಫೀಸಿನ ಗೆಳೆಯರು ದುಡ್ಡು ಕೊಡಲು ಸಿದ್ಧರಿದ್ದಾರೆ.

ಕೂಟ 501(ಸಿ)(3), ಅಂದರೆ ತೆರಿಗೆ ವಿನಾಯಿತಿಯಿರುವ ಸೇವಾ ಸಂಸ್ಥೆಗಳ ಕಲಮಿನ ಅಡಿ ನೋಂದಣಿಯಾಗಿದ್ದರೆ ಯಾವ ಅಭ್ಯರ್ಥಿಗೂ ಬೆಂಬಲ ಘೋಷಿಸುವಂತಿಲ್ಲ. ವೇದಿಕೆಯಿಂದ ಹೇಳುವುದಾಗಲಿ, ಕೂಟದ ಇಮೇಲ್ ಪಟ್ಟಿಗೆ ಕಳಿಸುವುದಾಗಲಿ ಮಾಡಿದರೆ ತೆರಿಗೆ ವಿನಾಯಿತಿಗೇ ಅಪಾಯ. ಎಲ್ಲ ಅಭ್ಯರ್ಥಿಗಳನ್ನೂ ಕರೆದು ಸಮಾನ ಹೊತ್ತು ಕೊಟ್ಟು ಸಂವಾದ ನಡೆಸಬಹುದು. ಗೆಳೆಯರಲ್ಲಿ ಪ್ರಜೆಗಳು, ಗ್ರೀನ್ ಕಾರ್ಡ್ ಇರುವವರು ದೇಣಿಗೆ ಕೊಡಬಹುದು. ಎಚ್-1ಬಿ, ಎಲ್-1, ವಿದ್ಯಾರ್ಥಿ ವೀಸಾದವರಿಂದ ಒಂದು ಡಾಲರ್ ಕೂಡ ತೆಗೆದುಕೊಳ್ಳಬೇಡಿ, ಸ್ಥಳೀಯ ಚುನಾವಣೆಗೂ ಈ ನಿಷೇಧ ಅನ್ವಯಿಸುತ್ತದೆ. ಅವರು ಸಂಬಳವಿಲ್ಲದೆ ಬಂದು ಕಾರ್ಡ್ ಹಂಚಿದರೆ ತೊಂದರೆಯಿಲ್ಲ.

ಪ್ರಶ್ನೆ: ಮಗಳ ಶಾಲೆಯ ಗಣಿತದ ಪಾಠ ಸರಿಯಿಲ್ಲ. ಬೋರ್ಡ್ ಸದಸ್ಯಳಾದರೆ ಟೀಚರಿಗೆ ನೇರವಾಗಿ ಹೇಳಬಹುದಲ್ಲವೇ?

ಇಲ್ಲ. ಈ ಕಾರಣಕ್ಕೆ ನಿಲ್ಲುವುದಾದರೆ ನಿಲ್ಲದಿರುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಸೂಪರಿಂಟೆಂಡೆಂಟ್‌ರನ್ನು (ಡಿಸ್ಟ್ರಿಕ್ಟ್‌ನ ಶಾಲೆಗಳ ಆಡಳಿತ ಮುಖ್ಯಸ್ಥರು) ನೇಮಿಸುವುದು, ಬಜೆಟ್ ಮತ್ತು ತೆರಿಗೆ ನಿಗದಿ, ನೀತಿ, ಶಿಕ್ಷಕರ ಸಂಘದ ಜೊತೆಗಿನ ಒಪ್ಪಂದ, ಇವು ಬೋರ್ಡಿನ ಕೆಲಸ. ಟೀಚರು ಸೂಪರಿಂಟೆಂಡೆಂಟ್‌ರ ಕೈಕೆಳಗಿನವರು. ಏಳರಲ್ಲಿ ನೀವೊಬ್ಬರು, ಸಭೆಯ ಹೊರಗೆ ನಿಮಗೆ ಯಾವ ಅಧಿಕಾರವೂ ಇಲ್ಲ. ಗಣಿತದ ಪಠ್ಯಕ್ರಮ ಮಂಜೂರಾತಿಗೆ ಬಂದಾಗ ಪ್ರಶ್ನೆ ಕೇಳಬಹುದು, ಮತ ಹಾಕಬಹುದು. ನಿಲ್ಲುವ ಮೊದಲು ಆರು ತಿಂಗಳಾದರೂ ಸಭೆಗಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ನೋಡಿ, ರಾತ್ರಿ ಹತ್ತಕ್ಕೆ ಬಾಯ್ಲರ್ ರಿಪೇರಿ ಟೆಂಡರಿನ ಚರ್ಚೆ ಬೇಸರ ತರಿಸದಿದ್ದರೆ ಮುಂದುವರಿಯಿರಿ. ಇಲಿನಾಯ್‌ನಲ್ಲಿ ಇದಕ್ಕೆ ಸಂಬಳವಿಲ್ಲ, ಮೊದಲ ವರ್ಷದಲ್ಲಿ ಕನಿಷ್ಠ 4 ಗಂಟೆಯ ತರಬೇತಿ ಕಡ್ಡಾಯ.

ಪ್ರಶ್ನೆ: ಗೆದ್ದ ಮೇಲೆ ಸದಸ್ಯರೆಲ್ಲ ಸೇರಿ ವಾಟ್ಸಾಪ್ ಗ್ರೂಪ್ ಮಾಡಿಕೊಳ್ಳಬಹುದೇ?

ಬೇಡ. ಏಳು ಜನರ ಬೋರ್ಡಿಗೆ ಕೋರಂ (ಸಭೆ ನಡೆಸಲು ಇರಬೇಕಾದ ಕನಿಷ್ಠ ಸದಸ್ಯರು) 4, ಅದರ ಬಹುಮತ 3. ಇಲಿನಾಯ್ ಕಾನೂನಿನಲ್ಲಿ ಮೂವರು ಸದಸ್ಯರು ಬೋರ್ಡಿನ ವಿಷಯವನ್ನು ಒಟ್ಟಿಗೆ ಚರ್ಚಿಸಿದರೆ ಅದೇ ಸಭೆ. ಗ್ರೂಪಿನಲ್ಲಿ ಹಿಂದೆಮುಂದೆ ಮೆಸೇಜು ಹಾಕಿಕೊಂಡರೂ ಅಷ್ಟೇ. ಮುಂಚೆಯೇ ಸಾರ್ವಜನಿಕರಿಗೆ ತಿಳಿಸದೆ ನಡೆದ ಸಭೆ ಅಕ್ರಮ. ಡಿಸ್ಟ್ರಿಕ್ಟ್ ಕೊಟ್ಟ ಇಮೇಲ್ ಖಾತೆಯನ್ನೇ ಬಳಸಿ, ಎಲ್ಲರಿಗೂ ಬಂದ ಪತ್ರಕ್ಕೆ "ರಿಪ್ಲೈ ಆಲ್" ಒತ್ತಬೇಡಿ. ಸ್ವಂತ ಫೋನಿನಲ್ಲಿ ಬೋರ್ಡಿನ ವಿಷಯ ಬರೆದರೆ ಆ ಮೆಸೇಜುಗಳನ್ನೂ ಮಾಹಿತಿ ಹಕ್ಕಿನಡಿ ಯಾರಾದರೂ ಕೇಳಬಹುದು.