ನೀರು ಹೆಚ್ಚಿದಷ್ಟೂ ಸಾಯುತ್ತಿರುವ ಐಸೊಪಾಡ್‌ಗಳು

ಪ್ರಶ್ನೆ: ಟೆರೇರಿಯಂ ಎಂಬ ಗಾಜಿನ ಪೆಟ್ಟಿಗೆಯಲ್ಲಿ ಎರೆಮಣ್ಣು ಹಾಸಿ, ಥಾಯ್ಲೆಂಡ್ ಮೂಲದ ಕ್ಯೂಬಾರಿಸ್ ಎಂಬ ಬಗೆಯ ಐಸೊಪಾಡ್‌ಗಳನ್ನು (ತೇವದ ತರಗೆಲೆಯಡಿ ಬದುಕುವ, ಹಲವು ಕಾಲುಗಳ ಪುಟ್ಟ ಜೀವಿಗಳು) ಸಾಕಿದ್ದೇನೆ. ಬೇಸಿಗೆಯೆಂದು ದಿನಕ್ಕೆರಡು ಸಲ ನೀರು ಸಿಂಪಡಿಸಿದರೂ ಒಂದೊಂದಾಗಿ ಸಾಯುತ್ತಿವೆ. ಕೆಲವುಗಳ ಹಿಂಭಾಗ ಮಾತ್ರ ಬೆಳ್ಳಗಾಗಿದೆ. ಇದು ರೋಗವೇ?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಹಿಂಭಾಗ ಮಾತ್ರ ಬೆಳ್ಳಗಾಗುವುದು ಸಾಮಾನ್ಯವಾಗಿ ಪೊರೆ ಬಿಡುವ ಲಕ್ಷಣ. ಐಸೊಪಾಡ್ ಹಿಂದಿನ ಅರ್ಧದ ಪೊರೆಯನ್ನು ಮೊದಲು ಕಳಚಿ, ಆಮೇಲೆ ಮುಂದಿನ ಅರ್ಧವನ್ನು ಕಳಚುತ್ತದೆ. ಆಗ ಅದನ್ನು ಮುಟ್ಟಬೇಡಿ. ಬಿದ್ದ ಪೊರೆಯನ್ನೂ ತೆಗೆಯಬೇಡಿ, ಸುಣ್ಣದಂಶಕ್ಕಾಗಿ ಅದನ್ನೇ ತಿನ್ನುತ್ತವೆ.

ಸಾವಿಗೆ ಕಾರಣ ಬಹುಶಃ ನೀವು ಹಾಕಿದ ಮಣ್ಣು ಮತ್ತು ನೀರು. ಇವು ಕೀಟಗಳಲ್ಲ, ಸೀಗಡಿ, ಏಡಿಗಳ ಬಳಗದವು. ಹೊಟ್ಟೆಯಡಿಯ ಉಸಿರಾಟದ ಅಂಗಗಳು ಒಣಗಬಾರದು, ಹಾಗೆಂದು ನೀರಿನಲ್ಲಿ ಮುಳುಗಲೂಬಾರದು. ಹತ್ತಿಗೆ ಹೇಳಿ ಮಾಡಿಸಿದಂತಿರುವ ನಮ್ಮ ಎರೆಮಣ್ಣು ನೆನೆದರೆ ಉಬ್ಬಿ ಅಂಟಾಗುತ್ತದೆ, ಒಳಗೆ ಗಾಳಿಗೆ ಜಾಗವೇ ಉಳಿಯುವುದಿಲ್ಲ. ಮೇಲಿನ ಮುಚ್ಚಳ ಬಿಗಿಯಾಗಿದ್ದು ಏಪ್ರಿಲ್ ಸೆಕೆಯೂ ಸೇರಿದರೆ ಪ್ರಾಣಿಗಳು ಉಸಿರುಗಟ್ಟಿ ಸಾಯುತ್ತವೆ. ಮಣ್ಣನ್ನು ಪೂರ್ತಿ ತೆಗೆದು, ತೆಂಗಿನ ನಾರಿನ ಪುಡಿ, ಕೊಳೆತ ಕಟ್ಟಿಗೆಯ ಚೂರು ಮತ್ತು ಎಲೆಗೊಬ್ಬರ ಬೆರೆಸಿ ಹಾಸಿ, ಮೇಲೆ ಕುದಿಸಿ ಒಣಗಿಸಿದ ಮಾವು, ಹಲಸಿನ ತರಗೆಲೆ ಹರಡಿ. ಬೇವು, ನೀಲಗಿರಿ ಎಲೆ ಬೇಡ. ಪೆಟ್ಟಿಗೆಯ ಮೂರನೆಯ ಒಂದು ಭಾಗವನ್ನು ಮಾತ್ರ ತೇವವಾಗಿರಿಸಿ, ಉಳಿದದ್ದನ್ನು ಒಣಗಲು ಬಿಟ್ಟರೆ, ಎಲ್ಲಿ ಇರಬೇಕೆಂಬುದನ್ನು ಅವೇ ಆರಿಸಿಕೊಳ್ಳುತ್ತವೆ. ಗಾಳಿಯಾಡಲು ಮುಚ್ಚಳದಲ್ಲಿ ಜಾಲರಿಯಿರಲಿ.

ಸೆಕೆಗೆ ಅಗ್ಗದ ಉಪಾಯವೊಂದಿದೆ: ಪೆಟ್ಟಿಗೆಯನ್ನು ಬಿಸಿಲು ಬೀಳದ ಕೋಣೆಯ ನೆಲದ ಮೇಲಿಟ್ಟು, ಸುತ್ತಲೂ ಒದ್ದೆ ಗೋಣಿಚೀಲ ಹೊದಿಸಿ. ನಮ್ಮ ಕಡೆಯ ಒಣ ಬೇಸಿಗೆಯಲ್ಲಿ ನೀರು ಆವಿಯಾಗಿ ಚೆನ್ನಾಗಿ ತಂಪಾಗುತ್ತದೆ; ಜುಲೈನ ಜಿಟಿಜಿಟಿ ಮಳೆಯಲ್ಲಿ ಇದರಿಂದ ಪ್ರಯೋಜನವಿಲ್ಲ, ಆಗ ನೀರು ಸಿಂಪಡಿಸುವುದನ್ನೂ ಕಡಿಮೆ ಮಾಡಿ, ಬೂಷ್ಟು ತಿನ್ನುವ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜೀವಿಗಳನ್ನು ಬಿಡಬಹುದು.

ಸುಣ್ಣದಕಲ್ಲಿನ ಗುಹೆಗಳ ಕಡೆಯಿಂದ ಬಂದ ಕ್ಯೂಬಾರಿಸ್‌ಗೆ ಮೊಟ್ಟೆಯ ಸಿಪ್ಪೆಯ ಪುಡಿ ಬೇಕು. ಎಲೆ ಅಡಿಕೆಯ ಸುಣ್ಣ ಸುಡುವಂಥದ್ದು, ಅದನ್ನು ಹಾಕಕೂಡದು. ಇನ್ನೊಂದು ಮಾತು: ಸಾಕುವುದು ಹೊಸದಾದರೆ, ಬೇಗ ಮರಿ ಹಾಕುವ ಮತ್ತು ಗಟ್ಟಿಮುಟ್ಟಾದ ಪೋರ್ಸೆಲಿಯೊ ಲೇವಿಸ್ ಎಂಬ ಐಸೊಪಾಡ್‌ನಿಂದ ಶುರುಮಾಡುವುದೇ ಸರಿಯಾಗಿತ್ತು, ದುಬಾರಿ ಬೆಲೆಯ ಕ್ಯೂಬಾರಿಸ್ ನಿಧಾನವಾಗಿ ಹೆಚ್ಚುವ ಜೀವಿ. ಬೇಡವೆನಿಸಿದರೆ ಯಾವುದನ್ನೂ ಹಿತ್ತಲಿಗೆ ಬಿಡಬೇಡಿ, ಸಾಕುವವರಿಗೇ ಕೊಡಿ.