56ರ ವಯಸ್ಸಲ್ಲಿ ತೂಕ ಇಳಿಯಿತು, ತೊಡೆಯೂ ಸೊರಗಿತು. ಏನು ಮಾಡಲಿ?

ಎರಡು ತಿಂಗಳಲ್ಲಿ 78ರಿಂದ 70 ಕೆ.ಜಿ.ಗೆ ಬಂದಿದ್ದೀರಿ, ದಿನಾ ಒಂದು ಗಂಟೆ ನಡಿಗೆ, ರಾತ್ರಿ ಬರೀ ಗಂಜಿ. ಈಗ ನೆಲದಿಂದ ಏಳೋಕೆ ಕೈ ಊರಬೇಕು ಅಂತ ಬರೆದಿದ್ದೀರಿ. ಬೊಜ್ಜಿನ ಜೊತೆ ಸ್ನಾಯುವೂ ಕರಗಿರೋ ಲಕ್ಷಣ ಇದು. ವಾರಕ್ಕೆ ಒಂದು ಕೆ.ಜಿ. ಈ ವಯಸ್ಸಿಗೆ ಜಾಸ್ತಿಯಾಯ್ತು, ಅರ್ಧ ಸಾಕು.

ಮೊದಲು ಗಂಜಿ ಬಿಡಿ. ನಿಮಗೆ ದಿನಕ್ಕೆ ಕೆ.ಜಿ.ಗೆ 1.2 ಗ್ರಾಂ ಲೆಕ್ಕದಲ್ಲಿ 84 ಗ್ರಾಂ ಪ್ರೋಟೀನ್ ಬೇಕು, ಅದೂ ಮೂರು ಹೊತ್ತಿಗೆ ಹಂಚಿ. ಬೆಳಿಗ್ಗೆ ಮೂರು ನೀರುದೋಸೆ, ಕಾಯಿಚಟ್ನಿ ತಿಂದರೆ ಐದಾರು ಗ್ರಾಂ ಸಿಕ್ಕರೆ ಹೆಚ್ಚು. ಅದಕ್ಕೇ ಎರಡು ಮೊಟ್ಟೆ (12 ಗ್ರಾಂ), ಒಂದು ದೊಡ್ಡ ಲೋಟ ಹಾಲು (8 ಗ್ರಾಂ) ಸೇರಿಸಿ. ಮಧ್ಯಾಹ್ನ ಬಂಗುಡೆ, ಇಲ್ಲವೇ ಹುರುಳಿ. ನಮ್ಮ ಕಡೆ ಹುರುಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡಿ, ಕಾಳನ್ನು ಎಮ್ಮೆಗೋ ಎತ್ತಿಗೋ ಹಾಕ್ತಾರಲ್ಲ, ಪ್ರೋಟೀನಿನ ಬಹುಪಾಲು ಕೊಟ್ಟಿಗೆಗೇ ಹೋಗುತ್ತೆ! 50 ಗ್ರಾಂ ಹುರುಳಿಯಲ್ಲಿ 11 ಗ್ರಾಂ ಇದೆ. ಕಾಳನ್ನೇ ಪಲ್ಯ ಮಾಡಿ. ರಾತ್ರಿಗೆ 30 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಹಿಂಡಿ ಹಾಕಿದರೆ 15 ಗ್ರಾಂ ಆಯ್ತು, ಜೊತೆಗೆ ಒಂದು ಬಟ್ಟಲು ಮೊಸರು. ಕಡಿತ ಮಾಡಬೇಕಾದ್ದು ಅನ್ನ, ಎಣ್ಣೆ, ತೆಂಗಿನಕಾಯಿಯಲ್ಲಿ.

ನಡಿಗೆ ಹೃದಯಕ್ಕೆ ಒಳ್ಳೆಯದು, ಸ್ನಾಯು ಉಳಿಸೋಕೆ ಅದೊಂದೇ ಸಾಲದು. ತೋಟದ ಕೆಲಸ ಇದೆಯಲ್ಲ ಅನ್ನಬೇಡಿ, ಅಡಿಕೆ ಸುಲಿಯೋದು ಕೂತು ಮಾಡೋ ಕೆಲಸ. ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ ಜಗಲಿಯಲ್ಲೇ ಮಾಡಿ: ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಗೋಡೆಗೆ ಕೈಕೊಟ್ಟು ದಂಡ, ಮೆಟ್ಟಿಲು ಹತ್ತಿಳಿಯೋದು, ಸೊಂಟದಿಂದ ಬಗ್ಗಿ ಬೆನ್ನು ನೆಟ್ಟಗಿಟ್ಟು ಕ್ಯಾನ್ ಎತ್ತೋದು. ಪ್ರತಿಯೊಂದೂ 8ರಿಂದ 12 ಸಲ, ಎರಡು ಮೂರು ಸುತ್ತು. ಪ್ರತಿ ಸುತ್ತಿನ ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು, ಇಲ್ಲದಿದ್ದರೆ ಉಪಯೋಗ ಕಡಿಮೆ. 10 ಲೀಟರಿನ ಕ್ಯಾನಿಗೆ ಐದು ಲೀಟರ್ ನೀರು ತುಂಬಿ ಶುರು ಮಾಡಿ. 12 ಸಲೀಸಾದ ಮೇಲೆ ಒಂದು ಲೀಟರ್, ಅಂದರೆ ಒಂದು ಕೆ.ಜಿ., ಏರಿಸಿ. ಎತ್ತುವಾಗ ಉಸಿರು ಬಿಡಿ, ಬಿಗಿಹಿಡಿದರೆ ಬಿ.ಪಿ. ಏರುತ್ತೆ.

ತಕ್ಕಡಿ ಒಂದನ್ನೇ ನಂಬಬೇಡಿ. ಹದಿನೈದು ದಿನಕ್ಕೊಮ್ಮೆ ಸೊಂಟದ ಸುತ್ತಳತೆ, ಮತ್ತೆ 30 ಸೆಕೆಂಡಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳ್ತೀರಿ ಅಂತ ಬರೆದಿಡಿ. ತೂಕದ ಜೊತೆ ಏಳುವ ಲೆಕ್ಕವೂ ಇಳಿದರೆ ಊಟ ಸ್ವಲ್ಪ ಹೆಚ್ಚಿಸಿ.

ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತಿದ್ದರೆ ಅನ್ನ ಇಳಿಸುವ ಮುಂಚೆ ಡಾಕ್ಟರಿಗೆ ಹೇಳಿ, ಡೋಸ್ ಬದಲಿಸಬೇಕಾಗಬಹುದು. ಕಿಡ್ನಿ ತೊಂದರೆ ಇದ್ದರೆ ಮೇಲಿನ ಪ್ರೋಟೀನ್ ಲೆಕ್ಕ ನಿಮಗಲ್ಲ. ಒಮ್ಮೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ನೋಡಿಸಿಕೊಂಡೇ ಶುರು ಮಾಡಿ.