ಜೀನ್ ದೋಷಾನೋ, ಆ್ಯಂಟಿಬಾಡಿ ಕಾಟಾನೋ? ಜಮಖಂಡಿ ಓದುಗರಿಗೆ ಉತ್ತರ

ಜಮಖಂಡಿ ಅಕ್ಕಾರ, ಪತ್ರ ಮುಟ್ಟೇತಿ. ಮನಿಯವ್ರಿಗೆ ಎಆರ್‌ವಿಸಿ (ಹಾರ್ಟಿನ ಸ್ನಾಯು ಕೆಟ್ಟು ಬಡಿತ ದಾರಿ ತಪ್ಪೋ ರೋಗ) ಅಂತ ಗೊತ್ತಾಗಿ ಎದಿಯೊಳಗ ಐಸಿಡಿ (ಬಡಿತ ಕೆಟ್ಟಾಗ ಶಾಕ್ ಕೊಟ್ಟು ಸರಿ ಮಾಡೋ ಸಣ್ಣ ಯಂತ್ರ) ಕುಂದರ್ಸ್ಯಾರ, ಡಾಕ್ಟರು ಇದು ವಂಶದ್ದು, ಮಕ್ಕಳನ್ನೂ ತೋರಸ್ರಿ ಅಂದ್ರು, ಆಮ್ಯಾಲ ಯಾರೋ ಬಂದು ಇದು ಆಟೋಇಮ್ಯೂನ್ ರೋಗ (ಮೈಯನ್ನ ಕಾಯೋ ಇಮ್ಯುನಿಟಿನ ಮೈಮ್ಯಾಲ ಬೀಳೋದು), ಇಮ್ಯುನಿಟಿ ಕಷಾಯ ಕುಡಿದ್ರ ಹೋಗತೈತಿ, ಮಕ್ಕಳಿಗೇನೂ ಆಗಂಗಿಲ್ಲ ಅಂದ್ರಂತ. ಯಾವುದು ಖರೆ ಅಂತ ಕೇಳೀರಿ.

ಡಾಕ್ಟರು ಹೇಳಿದ್ದ ಕೇಳ್ರಿ. ಇನ್ನೊಬ್ಬರ ಮಾತಿನ್ಯಾಗ ಒಂದು ಎಳಿ ಅಷ್ಟ ಖರೆ ಐತಿ. ಹಾರ್ಟಿನ ಕೋಶಗಳನ್ನ ಇಟ್ಟಂಗಿ ನಡುವಿನ ಗಚ್ಚಿನಂಗ ಹಿಡಕೊಂಡಿರೋ ಪ್ರೋಟೀನ್ ಇರ್ತಾವ, ಈ ರೋಗದಾಗ ಭಾಳ ಮಂದಿಗೆ ಅವುಗಳ ಜೀನ್‌ನ್ಯಾಗ ದೋಷ, ಹೆಚ್ಚಾಗಿ ಸಿಗೋದು ಪಿಕೆಪಿ2 ಅನ್ನೋ ಜೀನ್‌ನ್ಯಾಗ. ಹಿಡಿತ ಸಡಲಾಗಿ ಕೋಶ ಸಾಯ್ತಾವ, ಆ ಜಾಗಾದಾಗ ಕೊಬ್ಬು, ನಾರು ತುಂಬತೈತಿ, ಕರೆಂಟ್ ಅಲ್ಲಿ ದಾರಿ ತಪ್ಪಿ ಬಡಿತ ಒಮ್ಮಿಂದೊಮ್ಮೆಲೆ ಓಡತೈತಿ. ಆದ್ರ ಅದ ಜೀನ್ ಇದ್ದ ಅಣ್ಣಗ ರೋಗ, ತಮ್ಮಗ ಏನೂ ಇಲ್ಲ, ಯಾಕ? ಇಲ್ಲೇ ನೋಡ್ರಿ ಆಟೋಇಮ್ಯುನಿಟಿ ಮಾತು ಬರೋದು. 2018ರಾಗ ಟೊರೊಂಟೊದ ಸಂಶೋಧಕರು ಇಂಥ ಪೇಶಂಟ್‌ಗಳ ರಕ್ತದಾಗ ಡೆಸ್ಮೊಗ್ಲೀನ್-2 ಅನ್ನೋ ಹಿಡಿತದ ಪ್ರೋಟೀನ್ ಮ್ಯಾಲನ ಬೀಳೋ ಆ್ಯಂಟಿಬಾಡಿ (ರೋಗಾಣು ಹೊಡ್ಯಾಕಂತ ಮೈ ಮಾಡೋ ಪ್ರೋಟೀನ್) ಕಂಡ್ರು, ಅದು ಹೆಚ್ಚಿದ್ದವ್ರಿಗೆ ತಪ್ಪು ಬಡಿತಾನೂ ಹೆಚ್ಚು. ಕೋಶ ಒಡದಿದ್ದಕ್ಕ ಆ್ಯಂಟಿಬಾಡಿ ಹುಟ್ಟಿತೋ, ಆ್ಯಂಟಿಬಾಡಿನ ಕೋಶ ಕೆಡಿಸಿತೋ, ಆ ಜಗಳ ಇನ್ನೂ ಮುಗಿದಿಲ್ಲ.

ಜೀನ್ ದೋಷ ಇಲ್ದನೂ ಬರೇ ಆ್ಯಂಟಿಬಾಡಿಯಿಂದ ಬಡಿತ ಕೆಡೋದೈತಿ, ತಾಯಿ ರಕ್ತದಾಗಿನ ಆ್ಯಂಟಿ-ರೋ ಅನ್ನೋ ಆ್ಯಂಟಿಬಾಡಿ ಹೊಟ್ಟ್ಯಾಗಿನ ಕೂಸಿಗೆ ದಾಟಿ ಹಾರ್ಟ್ ಬ್ಲಾಕ್ (ಹಾರ್ಟಿನ ಕರೆಂಟ್ ನಡುವ ತಡದು ಬಡಿತ ನಿಧಾನ ಆಗೋದು) ಆಗೋದುಂಟು. ಅದು ಬ್ಯಾರೆ ಕತಿ, ನಿಮ್ಮ ಮನಿದಲ್ಲ.

ಇನ್ನ ಕಷಾಯ. ಆಟೋಇಮ್ಯೂನ್ ಅಂದ್ರ ಇಮ್ಯುನಿಟಿ ಕಡಿಮಿ ಆಗಿದ್ದಲ್ರಿ, ಅದು ನಮ್ಮ ಮ್ಯಾಲನ ತಿರುಗಿ ಬಿದ್ದಿದ್ದು, ಅದಕ್ಕ ಇನ್ನಷ್ಟು ಹುರುಪು ತುಂಬೋದು ಎಂಥಾ ಶಾಣ್ಯಾತನ ಅಂತ ನನಗಂತೂ ತಿಳೀವಲ್ದು. ಬಡಿತ ತಗ್ಗಸೋ ಬೀಟಾ ಬ್ಲಾಕರ್ ಗುಳಿಗಿ ಕೊಟ್ಟಿದ್ರ ಡಾಕ್ಟರನ್ನ ಕೇಳ್ದ ಬಿಡಬ್ಯಾಡ್ರಿ.

ಮಕ್ಕಳ ವಿಷಯ. ಮನಿಯವ್ರದು ಮೊದಲ ಜೀನ್ ಟೆಸ್ಟ್ ಮಾಡಸ್ರಿ, ದೋಷ ಸಿಕ್ರ ಮಕ್ಕಳಿಗೆ ಅದೊಂದನ್ನ ಹುಡುಕಿದ್ರ ಸಾಕು, ಒಬ್ಬೊಬ್ಬರಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಇಸಿಜಿ, ಎಕೋ, ಹೋಲ್ಟರ್ (ದಿನಾಪೂರ್ತಿ ಬಡಿತ ಬರಕೊಳ್ಳೋ ಟೆಸ್ಟ್) ಈ ವರ್ಷ ನಾರ್ಮಲ್ ಬಂದ್ರೂ ಮುಗೀಲಿಲ್ಲ, ಇದು ದೊಡ್ಡವರಾದ ಮ್ಯಾಲೂ ಕಾಣಸ್ಕೋತೈತಿ, ಡಾಕ್ಟರು ಹೇಳಿದಾಗೆಲ್ಲಾ ಮತ್ತ ತೋರಸ್ಬೇಕು. ದೋಷ ಇದ್ದವ್ರಿಗೆ ಭಾರಿ ವ್ಯಾಯಾಮ ರೋಗಾನ್ನ ಜಲ್ದಿ ಹೆಚ್ಚಸ್ತೈತಿ. ದೊಡ್ಡ ಮಗ ಕಬಡ್ಡಿ ಟೀಮಿನ್ಯಾಗ ಅದಾನ ಅಂತ ಬರದೀರಲ್ಲ, ರಿಪೋರ್ಟ್ ಬಂದು ಡಾಕ್ಟರು ಹೂಂ ಅನ್ನೋತನಕ ಪ್ರಾಕ್ಟೀಸ್ ಬಂದ್ ಇಡ್ರಿ, ಸಿಟ್ಟಾದ್ರ ಆಗವಲ್ನ್ಯಾಕ.